ಹಿಟ್ ಭಾಷಣದ ಗುಟ್ಟನ್ನ ಅಂಕಿಅಂಶದಲ್ಲಿ ಹುಡುಕಿ ಜನರನ್ನ ನಗಿಸೋದು ಹೇಗೆ?

2010ರ ಫೆಬ್ರವರಿಯಲ್ಲಿ ಸೆಬಾಸ್ಟಿಯನ್ ವರ್ನಿಕೆ ಅನ್ನೋರು, ಚಿಕ್ಕ ಭಾಷಣಗಳಿಗೆ ಹೆಸರಾದ ಟೆಡ್ ಸಂಸ್ಥೆಯ ಟೆಡ್‌ಆಕ್ಟಿವ್ ವೇದಿಕೆ ಮೇಲೆ ಸುಮಾರು ಆರು ನಿಮಿಷ ಮಾತಾಡಿದ್ರು. ಓದಿದ್ದು ಬಯೋಇನ್ಫರ್ಮ್ಯಾಟಿಕ್ಸ್ (ಜೀವವಿಜ್ಞಾನದ ಡೇಟಾನ ಕಂಪ್ಯೂಟರಲ್ಲಿ ಲೆಕ್ಕ ಹಾಕೋ ವಿಷಯ), ಆದ್ರೆ ಅವತ್ತು ಅವರು ಲೆಕ್ಕಕ್ಕೆ ಹಾಕಿದ್ದು ಟೆಡ್ ಭಾಷಣಗಳನ್ನೇ. ಯಾವ ವಿಷಯ ತಗೊಂಡ್ರೆ ಜನ ಮೆಚ್ತಾರೆ, ಎಷ್ಟು ಹೊತ್ತು ಮಾತಾಡ್ಬೇಕು, ಯಾವ ಪದ ಹಾಕ್ಬೇಕು, ಯಾವ್ದನ್ನ ಬಿಡ್ಬೇಕು ಅಂತೆಲ್ಲ ಅಂಕಿಅಂಶದಿಂದ ತೆಗೆದು, ಕೊನೆಗೆ ಕೂದಲು ಎಲ್ಲರಿಗಿಂತ ಸ್ವಲ್ಪ ಉದ್ದ ಬಿಡಿ, ಕನ್ನಡಕ ಹಾಕ್ಕೊಳ್ಳಿ ಅನ್ನೋವರೆಗೂ ಹೋದ್ರು. ಸಭೆ ಬಿದ್ದು ಬಿದ್ದು ನಕ್ತು. ಮುಂದಿನ ವರ್ಷ ಅದೇ ಮನುಷ್ಯ ಬಂದು 1000 ಟೆಡ್ ಭಾಷಣಗಳ ಸಾರವನ್ನ 6 ಪದಕ್ಕೆ ಇಳಿಸಿ ತೋರಿಸಿದ್ರು.

ಇಂಥದ್ದನ್ನ ನೀವೂ ಮಾಡ್ಬಹುದು. ಕಾಲೇಜ್ ಫೆಸ್ಟಿಗೆ, ಆಫೀಸಿನ ಟೀಮ್ ಮೀಟಿಗೆ, ಅಂಕಿಅಂಶ ಕಲಿಸೋ ಕ್ಲಾಸಿಗೆ ಇದಕ್ಕಿಂತ ಒಳ್ಳೇ ಐಟಂ ನನಗೆ ಗೊತ್ತಿಲ್ಲ. ಒಂದೇ ಕಂಡೀಷನ್, ಲೆಕ್ಕ ನಿಜವಾಗಿರ್ಬೇಕು. ತುಂಬಾ ಜನ ಇಲ್ಲೇ ಎಡವೋದು, ಹೆಂಗಿದ್ರೂ ಕಾಮಿಡಿ ತಾನೆ ಅಂತ ನಂಬರನ್ನ ಬಾಯಿಗೆ ಬಂದಂಗೆ ಹೇಳ್ಬಿಡ್ತಾರೆ, ಆಗ ಕೇಳೋರು ಒಂದ್ಸಲ ಮುಗುಳ್ನಕ್ಕು ಫೋನ್ ನೋಡೋಕೆ ಶುರು ಮಾಡ್ತಾರೆ. ಕೂಡಿದ್ದು ಕಳೆದಿದ್ದು ಎಲ್ಲಾ ಸರಿ ಇದ್ದು, ಅದರಿಂದ ಹೊರಟ ಸಲಹೆ ಮಾತ್ರ ಹುಚ್ಚುಚ್ಚಾಗಿದ್ದಾಗಲೇ ಹೊಟ್ಟೆ ಹಿಡ್ಕೊಂಡು ನಗು ಬರೋದು, ಯಾಕಂದ್ರೆ ಎಲ್ಲಿ ತಪ್ಪಾಯ್ತು ಅಂತ ಕೇಳೋರು ತಲೆ ಕೆಡಿಸ್ಕೊಳ್ಳೋಕೆ ಶುರು ಮಾಡ್ತಾರೆ.

ಮೊದಲ ಹೆಜ್ಜೆ: ಜನಪ್ರಿಯ ಅಂದ್ರೇನು ಅಂತ ಮೊದಲೇ ಬರೆದಿಡಿ

ವ್ಯೂಸ್ ಜಾಸ್ತಿ ಇರೋದಾ, ಕಾಮೆಂಟ್ ಜಾಸ್ತಿ ಬಂದಿರೋದಾ, ನೋಡಿದವರು ಒಳ್ಳೇ ಮಾತು ಹೇಳಿರೋದಾ? ಮೂರೂ ಬೇರೆ ಬೇರೆ. ಕಾಮೆಂಟ್ ಜಗಳಕ್ಕೂ ಬರತ್ತೆ, ವ್ಯೂಸ್ ಹೆಡ್ಡಿಂಗ್ ಚೆನ್ನಾಗಿದ್ರೂ ಬರತ್ತೆ. ಯಾವ್ದು ಬೇಕೋ ಒಂದನ್ನ ಆರಿಸಿ, ಡೇಟಾ ಫೈಲ್ ತೆಗೆಯೋಕೂ ಮುಂಚೆನೇ ಒಂದು ಸಾಲಲ್ಲಿ ಬರೆದಿಟ್ಬಿಡಿ. ಆಮೇಲೆ ಬದಲಾಯಿಸಿದ್ರೆ ನಿಮಗೆ ಬೇಕಾದ ಉತ್ತರ ಬರೋವರೆಗೂ ಬದಲಾಯಿಸ್ತಾನೇ ಇರ್ತೀರಿ, ಮನುಷ್ಯನ ಸ್ವಭಾವನೇ ಹಾಗೆ.

ಎರಡನೇ ಹೆಜ್ಜೆ: ಡೇಟಾ

ಟೆಡ್ ಭಾಷಣಗಳು 2006ರ ಜೂನಿಂದ ಆನ್‌ಲೈನಲ್ಲಿ ಫ್ರೀಯಾಗಿ ಸಿಗ್ತಾ ಇವೆ, ಹೆಚ್ಚಿನವಕ್ಕೆ ಟ್ರಾನ್ಸ್‌ಕ್ರಿಪ್ಟ್ (ಮಾತಿನ ಬರಹ ರೂಪ) ಕೂಡ ಇದೆ. ಡೇಟಾ ಫೈಲುಗಳನ್ನ ಹಂಚಿಕೊಳ್ಳೋ ಕ್ಯಾಗಲ್ ಅನ್ನೋ ಸೈಟಲ್ಲಿ 2017ರ ಸೆಪ್ಟೆಂಬರ್‌ವರೆಗಿನ 2550 ಭಾಷಣಗಳ ಒಂದು ಫೈಲ್ ಇದೆ. ಅದರಲ್ಲಿ ವ್ಯೂಸ್, ಕಾಮೆಂಟ್ ಸಂಖ್ಯೆ, ಎಷ್ಟು ಸೆಕೆಂಡಿನ ಭಾಷಣ, ಶೂಟ್ ಆದ ದಿನ, ಸೈಟಿಗೆ ಬಂದ ದಿನ, ಎಷ್ಟು ಭಾಷೆಗೆ ಅನುವಾದ ಆಗಿದೆ, ಟ್ಯಾಗು, ಎಲ್ಲಾ ಇದೆ. ಇನ್ನೊಂದು ಮಜಾ ಕಾಲಂ ರೇಟಿಂಗ್ಸ್ ಅಂತ. ನೋಡುಗರು ಆಗ ಸ್ಟಾರ್ ಕೊಡ್ತಿರ್ಲಿಲ್ಲ, ಪದ ಆರಿಸ್ತಿದ್ರು: ಸ್ಫೂರ್ತಿ ಕೊಡ್ತು, ನಗು ಬಂತು, ದಂಗಾದೆ, ತುಂಬಾ ಎಳೀತಾರೆ, ನಂಬೋಕಾಗ್ಲಿಲ್ಲ, ತಲೆ ಬುಡ ಅರ್ಥ ಆಗ್ಲಿಲ್ಲ, ಈ ಥರದ 14 ಆಯ್ಕೆ. ತಮಾಷೆಗೆ ಇದಕ್ಕಿಂತ ಒಳ್ಳೇ ಕಚ್ಚಾ ಮಾಲು ಸಿಗಲ್ಲ. ಆದ್ರೆ ಇಲ್ಲಿ ಒಂದು ಹುಷಾರು, ನಗು ಬಂತು ಅಂತ ಎಷ್ಟು ಜನ ಒತ್ತಿದಾರೆ ಅನ್ನೋ ಸಂಖ್ಯೆನ ಹಂಗಂಗೇ ತಗೋಬೇಡಿ, ಜಾಸ್ತಿ ಜನ ನೋಡಿದ ಭಾಷಣಕ್ಕೆ ಎಲ್ಲಾ ಪದಾನೂ ಜಾಸ್ತಿನೇ ಬಿದ್ದಿರತ್ತೆ. ಒಟ್ಟು ರೇಟಿಂಗಲ್ಲಿ ಅದು ಶೇಕಡಾ ಎಷ್ಟು ಅಂತ ತೆಗೀರಿ.

ಆ ಫೈಲಿನ ಮೊದಲ ಸಾಲೇ ಕೆನ್ ರಾಬಿನ್ಸನ್ ಶಾಲೆ ಮತ್ತು ಸೃಜನಶೀಲತೆ ಬಗ್ಗೆ ಮಾಡಿದ ಭಾಷಣ, 1164 ಸೆಕೆಂಡು, 4 ಕೋಟಿ 72 ಲಕ್ಷ ವ್ಯೂಸು. ಟೆಡ್ ತನ್ನ ಭಾಷಣಕಾರರಿಗೆ ಹೇಳೋ ಮಿತಿ 18 ನಿಮಿಷ, ಇದು 19 ನಿಮಿಷ 24 ಸೆಕೆಂಡು. ನೋಡಿ, ಕ್ಯಾಲ್ಕುಲೇಟರ್ ಆನ್ ಮಾಡೋ ಮುಂಚೆನೇ ಮೊದಲ ಜೋಕ್ ಸಿಕ್ತು: ಹಿಟ್ ಆಗ್ಬೇಕಾ, ಟೈಮ್ ಮುಗಿದ್ಮೇಲೂ ಒಂದು ನಿಮಿಷ 24 ಸೆಕೆಂಡ್ ಇಳೀಬೇಡಿ.

ಈ ಒಂದು ಸಾಲಿಂದ ಇನ್ನೊಂದು ಪಾಠನೂ ಇದೆ. ಫೈಲಲ್ಲಿರೋ ಭಾಷಣಗಳ ಸರಾಸರಿ ವ್ಯೂಸ್ ಸುಮಾರು 17 ಲಕ್ಷ, ಆದ್ರೆ ಎಲ್ಲಾನೂ ಸಾಲಾಗಿ ನಿಲ್ಲಿಸಿ ಸರಿಯಾಗಿ ಮಧ್ಯದಲ್ಲಿರೋದನ್ನ ನೋಡಿದ್ರೆ ಸುಮಾರು 11 ಲಕ್ಷ ಅಷ್ಟೇ. ಮೇಲಿರೋ ಕೆಲವೇ ಕೆಲವು ದೈತ್ಯರು ಸರಾಸರಿನ ಎಳ್ಕೊಂಡು ಹೋಗ್ತಾರೆ. ಅದಕ್ಕೆ ಸರಾಸರಿ ಬಿಟ್ಟು ಮಧ್ಯಾಂಕ ಬಳಸಿ, ಇಲ್ಲಾಂದ್ರೆ ವ್ಯೂಸಿನ ಲಾಗ್ (ದೈತ್ಯ ಸಂಖ್ಯೆಗಳನ್ನ ಕುಗ್ಗಿಸೋ ಲಾಗರಿದಮ್) ತಗೊಂಡು ಕೆಲಸ ಮಾಡಿ. ಹಂಗೆ ಮಾಡ್ದೆ ಇದ್ರೆ ನಿಮ್ಮ ಇಡೀ ಸಂಶೋಧನೆ ಒಬ್ಬ ಕೆನ್ ರಾಬಿನ್ಸನ್ ಬಗ್ಗೆ ಆಗೋಗತ್ತೆ.

ಮೂರನೇ ಹೆಜ್ಜೆ: ವಯಸ್ಸಿನ ಅನ್ಯಾಯ ಸರಿ ಮಾಡಿ

ಹತ್ತು ವರ್ಷದಿಂದ ಸೈಟಲ್ಲಿರೋ ಭಾಷಣಾನೂ ಹೋದ ತಿಂಗಳು ಬಂದ ಭಾಷಣಾನೂ ಒಂದೇ ತಕ್ಕಡಿಗೆ ಹಾಕ್ಬಾರ್ದು. ಸುಲಭ ಉಪಾಯ ಅಂತ ಎಲ್ರೂ ಮಾಡೋದು ವ್ಯೂಸನ್ನ ದಿನದಿಂದ ಭಾಗಿಸೋದು, ಆದ್ರೆ ವ್ಯೂಸ್ ಶುರುವಿನ ದಿನಗಳಲ್ಲಿ ದಬದಬ ಬಂದು ಆಮೇಲೆ ನಿಧಾನ ಆಗೋದ್ರಿಂದ ಭಾಗಿಸಿದ್ರೆ ಹೊಸದಕ್ಕೆ ಸುಮ್ಸುಮ್ನೆ ಲಾಭ ಆಗತ್ತೆ. ನನಗೆ ಸರಿ ಅನ್ಸೋದು, ಆಯಾ ವರ್ಷ ಬಂದ ಭಾಷಣಗಳನ್ನ ಅವುಗಳ ಒಳಗೇ ಹೋಲಿಸಿ ರ್‍ಯಾಂಕ್ ಕೊಡೋದು. 2009ರವು 2009ರವುಗಳ ಜೊತೆ, 2014ರವು 2014ರವುಗಳ ಜೊತೆ. ಪ್ರತಿ ವರ್ಷದ ಮೇಲಿನ ಕಾಲು ಭಾಗ ಹಿಟ್ ಗುಂಪು, ಕೆಳಗಿನ ಕಾಲು ಭಾಗ ಇನ್ನೊಂದು ಗುಂಪು. ಮಧ್ಯದ್ದು ಸದ್ಯಕ್ಕೆ ಪಕ್ಕಕ್ಕಿಡಿ.

ಈ ಕೆಳಗಿನ ಗುಂಪನ್ನ ಫ್ಲಾಪ್ ಅಂತ ಕರೀಬೇಡಿ ಅಂತ ನನ್ನ ಕಳಕಳಿಯ ವಿನಂತಿ, ಅಲ್ಲಿರೋದ್ರಲ್ಲೂ ಸಾವಿರಾರು ಲಕ್ಷಾಂತರ ಜನ ನೋಡಿದಾರೆ, ಎಷ್ಟೋ ಒಳ್ಳೇ ವಿಜ್ಞಾನಿಗಳು ಅಲ್ಲಿದಾರೆ. ಸ್ಲೈಡಲ್ಲಿ ಆ ಗುಂಪಿನ ಯಾರ ಹೆಸರೂ ಫೋಟೋನೂ ಹಾಕ್ಬೇಡಿ. ಜೋಕ್ ನಂಬರಿನ ಮೇಲಿರ್ಲಿ, ಮನುಷ್ಯರ ಮೇಲೆ ಬೇಡ.

ನಾಲ್ಕನೇ ಹೆಜ್ಜೆ: ಏನೇನು ಅಳೀಬಹುದು

ಉದ್ದ ಸುಲಭ. ವೇಗನೂ ಸುಲಭ, ಪದಗಳ ಸಂಖ್ಯೆನ ನಿಮಿಷದಿಂದ ಭಾಗಿಸಿದ್ರಾಯ್ತು, ನಿಮಿಷಕ್ಕೆ 150 ಇಂಗ್ಲಿಷ್ ಪದದ ಲೆಕ್ಕದಲ್ಲಿ 18 ನಿಮಿಷಕ್ಕೆ 2700 ಪದ ಬರತ್ತೆ. ಆದ್ರೆ ಹಾಡು, ಡ್ಯಾನ್ಸ್, ಡೆಮೋ ಇರೋ ಕಾರ್ಯಕ್ರಮಗಳನ್ನ ಮೊದಲೇ ತೆಗೆದುಬಿಡಿ, ಇಲ್ಲಾಂದ್ರೆ ಪಿಟೀಲು ನುಡಿಸಿದವರು ಪ್ರಪಂಚದಲ್ಲೇ ನಿಧಾನವಾಗಿ ಮಾತಾಡೋ ಭಾಷಣಕಾರರು ಅಂತ ಬರತ್ತೆ. (ಅದನ್ನೂ ಜೋಕ್ ಮಾಡ್ಬಹುದು ಅನ್ಸತ್ತೆ, ಆದ್ರೆ ಅದು ಲೆಕ್ಕದ ತಪ್ಪಿಂದ ಹುಟ್ಟಿದ ಜೋಕು, ನಮಗೆ ಬೇಡ.)

ನನಗೆ ತುಂಬಾ ಇಷ್ಟ ಆಗೋದು ನಗು ಎಣಿಸೋದು. ಟೆಡ್ ಟ್ರಾನ್ಸ್‌ಕ್ರಿಪ್ಟಲ್ಲಿ ಸಭೆ ನಕ್ಕ ಕಡೆಯಲ್ಲೆಲ್ಲ ಬ್ರಾಕೆಟ್ ಹಾಕಿ ನಗು ಅಂತ ಬರೆದಿರ್ತಾರೆ, ಚಪ್ಪಾಳೆಗೂ ಹಂಗೇ. ಹಾಗಾಗಿ ಪೈಥಾನ್ ಕೋಡಲ್ಲಿ ಒಂದು ಸಾಲು, ಎಕ್ಸೆಲ್ಲಲ್ಲಿ ಒಂದು ಫಾರ್ಮುಲಾ, ಅಷ್ಟರಲ್ಲಿ ಪ್ರತಿ ಭಾಷಣದ ನಗುವಿನ ಲೆಕ್ಕ ಸಿಕ್ಬಿಡತ್ತೆ. 15 ನಿಮಿಷದಲ್ಲಿ 30 ಸಲ ನಗು ಅಂದ್ರೆ ನಿಮಿಷಕ್ಕೆ 2 ನಗು. ಇನ್ನೂ ಮುಂದೆ ಹೋಗಿ ಮೊದಲ ನಗು ಎಷ್ಟನೇ ಪದಕ್ಕೆ ಬಂತು, ಕೊನೇ ನಗು ಆದ್ಮೇಲೆ ಎಷ್ಟು ಹೊತ್ತು ಸೀರಿಯಸ್ಸಾಗಿ ಮಾತಾಡಿದ್ರು, ನಗು ಮತ್ತು ಚಪ್ಪಾಳೆ ಬೆನ್ನಿಗೆ ಬೆನ್ನು ಎಷ್ಟು ಸಲ ಬಂತು ಅಂತೆಲ್ಲ ನೋಡ್ಬಹುದು. ಎರಡು ವಿಷಯ ಮಾತ್ರ ನೆನಪಿಟ್ಕೊಳ್ಳಿ, ಬರೆದವರು ಬೇರೆ ಬೇರೆ ಜನ ಆಗಿರೋದ್ರಿಂದ ಒಬ್ಬರು ಸಣ್ಣ ನಗುನೂ ಬರೀತಾರೆ ಇನ್ನೊಬ್ಬರು ದೊಡ್ಡದನ್ನ ಮಾತ್ರ ಬರೀತಾರೆ, ಮತ್ತೆ ಮೊದಲೇ ಹೆಸರಿರೋ ವ್ಯಕ್ತಿ ಬಂದ್ರೆ ಸಭೆ ನಗೋಕೆ ರೆಡಿಯಾಗೇ ಕೂತಿರತ್ತೆ. ನಗಿಸಿದ್ದಕ್ಕೆ ಫೇಮಸ್ ಆದ್ರೋ, ಫೇಮಸ್ ಆಗಿದ್ದಕ್ಕೆ ನಕ್ರೋ, ಈ ಡೇಟಾ ಹೇಳಲ್ಲ.

ಕನ್ನಡಕ, ಕೂದಲು, ಶರ್ಟಿನ ಬಣ್ಣ, ಕೈ ಜೇಬಲ್ಲಿತ್ತಾ ಅನ್ನೋದನ್ನೆಲ್ಲ ಕಣ್ಣಲ್ಲಿ ನೋಡೇ ಬರೀಬೇಕು. ಇದಕ್ಕೆ ಇಬ್ಬರು ಬೇಕು, ಇಬ್ಬರೂ ಬೇರೆ ಬೇರೆ ಕೂತು, ವ್ಯೂಸ್ ಕಾಲಂ ಮುಚ್ಚಿಟ್ಟು, ಒಂದೊಂದು ವೀಡಿಯೋದ ಒಂದೇ ಫ್ರೇಮ್ ನೋಡಿ ಬರೀಲಿ. ಹಿಟ್ ಅಂತ ಗೊತ್ತಿದ್ರೆ ಅವರ ಕೂದಲೂ ಉದ್ದ ಕಾಣತ್ತೆ! ಇಬ್ಬರ ಉತ್ತರ ಎಷ್ಟು ಕಡೆ ಹೊಂದತ್ತೆ ನೋಡಿ, ಹೊಂದ್ಲಿಲ್ಲ ಅಂದ್ರೆ ಆ ಪ್ರಶ್ನೆನೇ ಬಿಟ್ಬಿಡಿ.

ಐದನೇ ಹೆಜ್ಜೆ: ಪದಗಳ ಲೆಕ್ಕ

ಇಲ್ಲೇ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಎಲ್ಲರೂ ಮೋಸ ಹೋಗೋದು ಇಲ್ಲಿ. ಒಂದು ಉದಾಹರಣೆ ಊಹಿಸ್ಕೊಳ್ಳಿ, ಈ ನಂಬರುಗಳು ಲೆಕ್ಕ ತೋರಿಸೋಕೆ ನಾನೇ ಇಟ್ಟಿರೋದು. ಹಿಟ್ ಗುಂಪಿನ 100 ಭಾಷಣದಲ್ಲಿ ಒಟ್ಟು 2,50,000 ಪದ, ಅದ್ರಲ್ಲಿ ಮೆದುಳು ಅನ್ನೋ ಪದ 300 ಸಲ. ಕೆಳಗಿನ 100 ಭಾಷಣದಲ್ಲಿ ಒಟ್ಟು 2,00,000 ಪದ, ಮೆದುಳು 80 ಸಲ. ಹತ್ತು ಸಾವಿರ ಪದಕ್ಕೆ ಎಷ್ಟು ಅಂತ ತಗೊಂಡ್ರೆ ಅಲ್ಲಿ 12, ಇಲ್ಲಿ 4. ಮೂರು ಪಟ್ಟು! ಮೆದುಳು ಅಂತ ಹೇಳಿ, ಹಿಟ್ ಆಗಿ ಅಂತ ಸ್ಲೈಡ್ ಮಾಡೋಕೆ ಕೈ ತುರಿಸತ್ತೆ.

ತಡೀರಿ. ಆ 300 ಸಲ ಎಷ್ಟು ಭಾಷಣದಲ್ಲಿ ಹರಡಿದೆ ಅಂತ ನೋಡಿ. ನರವಿಜ್ಞಾನದ ಮೂರೇ ಮೂರು ಭಾಷಣದಲ್ಲಿ ತಲಾ 60 ಸಲ ಬಂದಿದ್ರೆ ಅಲ್ಲೇ 180 ಆಯ್ತು. ತಲಾ 2500 ಪದದ ಆ ಮೂರನ್ನ ಪಕ್ಕಕ್ಕಿಟ್ರೆ ಉಳಿಯೋದು 2,42,500 ಪದದಲ್ಲಿ 120 ಸಲ, ಅಂದ್ರೆ ಹತ್ತು ಸಾವಿರಕ್ಕೆ ಹತ್ತಿರತ್ತಿರ 5. ಮೂರು ಪಟ್ಟು ಇದ್ದಿದ್ದು ಒಂದೂಕಾಲು ಪಟ್ಟಿಗೆ ಇಳೀತು. ಅದಕ್ಕೇ ಪದ ಒಟ್ಟು ಎಷ್ಟು ಸಲ ಬಂತು ಅನ್ನೋದಕ್ಕಿಂತ ಎಷ್ಟು ಭಾಷಣದಲ್ಲಿ ಕನಿಷ್ಠ ಒಂದ್ಸಲ ಬಂತು ಅಂತ ಎಣಿಸಿ, ಹತ್ತಕ್ಕಿಂತ ಕಡಿಮೆ ಭಾಷಣದಲ್ಲಿರೋ ಪದಗಳನ್ನ ಲಿಸ್ಟಿಂದ ಹೊಡೆದಾಕಿ. ಕನ್ನಡ ಭಾಷಣಗಳ ಮೇಲೆ ಇದನ್ನ ಮಾಡೋರು ಮೆದುಳು, ಮೆದುಳಿನ, ಮೆದುಳಿಗೆ, ಮೆದುಳಲ್ಲಿ ಎಲ್ಲಾನೂ ಒಂದೇ ಪದ ಅಂತ ಸೇರಿಸ್ಕೊಳ್ಳೋದು ಮರೀಬೇಡಿ, ಕಂಪ್ಯೂಟರಿಗೆ ಅವು ನಾಲ್ಕು ಬೇರೆ ಬೇರೆ ಪದ.

ಬರೀ ಒಂಟಿ ಪದಕ್ಕಿಂತ ನಾಲ್ಕು ಪದದ ತುಣುಕುಗಳು ಜಾಸ್ತಿ ನಗಿಸ್ತವೆ. ಹಿಟ್ ಗುಂಪಲ್ಲಿ ಜಾಸ್ತಿ ಬರೋ ತುಣುಕುಗಳನ್ನ ಸಾಲಾಗಿ ಜೋಡಿಸಿ ಗಂಭೀರವಾಗಿ ಓದಿದ್ರೆ ತಲೆಬುಡ ಇಲ್ಲದ ಒಂದು ಪ್ಯಾರಾ ಬರತ್ತೆ, ಆದ್ರೆ ಕೇಳೋಕೆ ಥೇಟ್ ಸ್ಫೂರ್ತಿದಾಯಕ ಭಾಷಣದ ಥರಾನೇ ಇರತ್ತೆ.

ಆರನೇ ಹೆಜ್ಜೆ: ಕಲಸಿ ನೋಡಿ

ಇದೊಂದು ಮಾಡ್ಲಿಲ್ಲ ಅಂದ್ರೆ ಉಳಿದಿದ್ದೆಲ್ಲ ವ್ಯರ್ಥ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ನೀವು ಉದ್ದ, ವೇಗ, ನಗು, ಕನ್ನಡಕ, ನೂರಾರು ಪದ ಅಂತ ಅಳೀತಾ ಹೋದಂಗೆ ಕಾಕತಾಳೀಯವಾಗಿ ಏನೋ ಒಂದು ಸಿಕ್ಕೇ ಸಿಗತ್ತೆ. ಶೇಕಡಾ 5ರ ಗೆರೆ ಇಟ್ಕೊಂಡು (ಅಂದ್ರೆ ಏನೂ ಇಲ್ಲದೇ ಇದ್ರೂ ಆಕಸ್ಮಿಕವಾಗಿ ಇಷ್ಟು ದೊಡ್ಡ ವ್ಯತ್ಯಾಸ ಬರೋ ಸಾಧ್ಯತೆ ಶೇಕಡಾ 5ಕ್ಕಿಂತ ಕಡಿಮೆ ಇದ್ರೆ ಶೋಧ ಅಂತ ಒಪ್ಕೊಂಡು), ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿ, ನಿಜವಾಗ್ಲೂ ಅಲ್ಲಿ ಏನೂ ಇಲ್ಲದೇ ಇದ್ರೂ ಕನಿಷ್ಠ ಒಂದು ಸುಳ್ಳು ಶೋಧ ಸಿಗೋ ಸಾಧ್ಯತೆ ಶೇಕಡಾ 64. ನೂರು ಮಾಡಿದ್ರೆ ಸರಾಸರಿ 5 ಸುಳ್ಳು ಸಿಗ್ತವೆ.

ಇದನ್ನ ಪ್ರಪಂಚಕ್ಕೆ ಅತ್ಯಂತ ಚೆನ್ನಾಗಿ ತೋರಿಸಿದ್ದು ಒಂದು ಸತ್ತ ಮೀನು. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನನ್ನ ಎಫ್‌ಎಂಆರ್‌ಐ ಅನ್ನೋ ಮೆದುಳಿನ ಚಟುವಟಿಕೆ ತೋರಿಸೋ ಸ್ಕ್ಯಾನ್ ಮೆಷಿನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಈ ಫೋಟೋದಲ್ಲಿರೋರಿಗೆ ಏನನ್ನಿಸ್ತಿದೆ ಅಂತ ಕೇಳಿದ್ರು. ಸಾವಿರಾರು ಹೋಲಿಕೆ ಮಾಡಿದಾಗ ಹಾಕ್ಲೇಬೇಕಾದ ತಿದ್ದುಪಡಿ (ಆಕಸ್ಮಿಕವಾಗಿ ಸಿಕ್ಕ ಸುಳ್ಳು ಶೋಧಗಳನ್ನ ಸೋಸೋ ಲೆಕ್ಕ) ಹಾಕದೇ ನೋಡಿದ್ರೆ ಸತ್ತ ಮೀನಿನ ಮೆದುಳು ಯೋಚನೆ ಮಾಡ್ತಿತ್ತು! ತಿದ್ದುಪಡಿ ಹಾಕಿದ ತಕ್ಷಣ ಆ ಚಟುವಟಿಕೆ ಎಲ್ಲಾ ಮಾಯ. 2012ರಲ್ಲಿ ಇದಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗಳಿಗೆ ಕೊಡೋ ಇಗ್ ನೊಬೆಲ್ ಪ್ರಶಸ್ತಿ ಬಂತು. ಅವರು ನಿಜವಾದ ಪ್ರಯೋಗದ ಒಂದೊಂದು ಹೆಜ್ಜೇನೂ ಶಿಸ್ತಾಗಿ ಮಾಡಿದ್ದಕ್ಕೇ ಅದು ಅಷ್ಟು ನಗು ತರಿಸತ್ತೆ, ಅದಕ್ಕೇ ಲ್ಯಾಬುಗಳಲ್ಲಿ ತಿದ್ದುಪಡಿ ಬಗ್ಗೆ ಮಾತು ಬಂದಾಗ ಇವತ್ತಿಗೂ ಆ ಮೀನು ನೆನಪಾಗತ್ತೆ.

ನೀವು ಮಾಡ್ಬೇಕಾಗಿರೋದು ಇಷ್ಟು. ವ್ಯೂಸ್ ಕಾಲಮನ್ನ ಮಾತ್ರ ಇಸ್ಪೀಟೆಲೆ ಥರ ಕಲಸಿ, ಯಾರ ವ್ಯೂಸು ಯಾರಿಗೋ ಹೋಗ್ಲಿ, ವರ್ಷದ ಒಳಗೆ ಮಾತ್ರ ಕಲಸಿ. ಆಮೇಲೆ ಅದೇ ಲೆಕ್ಕ ಮೊದಲಿಂದ ಓಡಿಸಿ. ಹೀಗೆ 1000 ಸಲ ಮಾಡಿ, ಕಂಪ್ಯೂಟರಿಗೆ ಇದು ಕೆಲವು ನಿಮಿಷದ ಕೆಲಸ. ಕಲಸಿದ ಡೇಟಾದಲ್ಲೂ ನಿಮ್ಮ ಮೆದುಳು-ಪದ ಅಷ್ಟೇ ವ್ಯತ್ಯಾಸ ಆಗಾಗ ತೋರಿಸಿದ್ರೆ ಅದು ಗಾಳಿ. 1000ದಲ್ಲಿ ಒಂದೋ ಎರಡೋ ಸಲ ಮಾತ್ರ ಅಷ್ಟು ದೊಡ್ಡದು ಬಂದ್ರೆ ಅಲ್ಲೇನೋ ಇರಬಹುದು, ಆದ್ರೂ ನೀವು ಒಟ್ಟು ಎಷ್ಟು ಪದ ಪರೀಕ್ಷೆ ಮಾಡಿದ್ರಿ ಅನ್ನೋದನ್ನ ಲೆಕ್ಕಕ್ಕೆ ತಗೋಬೇಕು. 500 ಪದ ನೋಡಿದ್ರೆ ಸಾವಿರಕ್ಕೆ ಎರಡರಂತೆ ಸರಾಸರಿ ಒಂದು ಪದ ಸುಮ್ನೇ ಸಿಗತ್ತೆ. ಹಾಗಾಗಿ ಪ್ರತಿ ಕಲಸುವಿಕೆಯಲ್ಲೂ ಎಲ್ಲಾ ಪದಗಳ ಪೈಕಿ ಅತಿ ದೊಡ್ಡ ವ್ಯತ್ಯಾಸ ಯಾವ್ದು ಅಂತ ಬರ್ಕೊಂಡು, ನಿಮ್ಮ ಅಸಲಿ ವ್ಯತ್ಯಾಸ ಅದನ್ನ ಮೀರತ್ತಾ ನೋಡೋದು ಇನ್ನೂ ಒಳ್ಳೇದು.

ಇದನ್ನ ಬರೀ ಮನೇಲಿ ಮಾಡಿ ಮುಚ್ಚಿಡಬೇಡಿ, ವೇದಿಕೆಗೇ ತನ್ನಿ. ಎರಡು ಚಾರ್ಟ್ ಅಕ್ಕಪಕ್ಕ ಇಟ್ಟು ಒಂದು ಅಸಲಿ, ಒಂದು ಕಲಸಿದ್ದು, ಯಾವ್ದು ಯಾವ್ದು ಹೇಳಿ ಅಂತ ಸಭೆಗೆ ಕೇಳಿ, ಕೈ ಎತ್ತಿಸಿ. ಅರ್ಧ ಜನ ತಪ್ಪು ಹೇಳಿದಾಗ ಬರೋ ನಗು ಇದೆಯಲ್ಲ, ಅದರ ಜೊತೆಗೆ ಅವರಿಗೆ ಒಂದು ಸೆಮಿಸ್ಟರಿನ ಅಂಕಿಅಂಶ ಒಂದೇ ನಿಮಿಷದಲ್ಲಿ ತಲೆಗೆ ಹೋಗಿರತ್ತೆ.

ಏಳನೇ ಹೆಜ್ಜೆ: ಲೆಕ್ಕದಿಂದ ಜೋಕಿಗೆ

ಉಪಾಯ ಏನಪ್ಪಾ ಅಂದ್ರೆ ಡೇಟಾ ಏನು ಹೇಳತ್ತೋ ಅದನ್ನ ಅಕ್ಷರಶಃ ಪಾಲಿಸೋದು, ಎಲ್ಲೂ ನಿಲ್ಲಿಸದೇ. ನಗು ಜಾಸ್ತಿ ಆದಂಗೆ ವ್ಯೂಸು ಜಾಸ್ತಿ ಅಂತ ಗೆರೆ ಬಂತಾ, ಆ ಗೆರೆನ ಪೇಪರಿನ ಆಚೆಗೂ ಎಳೀರಿ, ಮಾತೇ ಆಡದೇ 18 ನಿಮಿಷ ಸಭೆ ನಗ್ತಾನೇ ಇರೋ ಭಾಷಣ ಅತ್ಯುತ್ತಮ ಅಂತ ತೀರ್ಮಾನಕ್ಕೆ ಬನ್ನಿ. ಎಲ್ಲಾ ಒಳ್ಳೇ ಅಂಶ ಸೇರಿಸಿ ಒಂದು ಆದರ್ಶ ಭಾಷಣ ಕಟ್ಟಿ, ಅದರ ಹೆಡ್ಡಿಂಗು, ಮೊದಲ ಸಾಲು, ಭಾಷಣಕಾರರ ವೇಷ ಎಲ್ಲಾ ಕೊಡಿ, ಆಮೇಲೆ ಎಲ್ಲಾ ಕೆಟ್ಟ ಅಂಶ ಸೇರಿಸಿ ಇನ್ನೊಂದು ಕಟ್ಟಿ. ಎರಡನೇದೇ ಜಾಸ್ತಿ ನಗಿಸತ್ತೆ.

ಹೇಳುವಾಗ ಮುಖ ಗಂಭೀರವಾಗಿರ್ಲಿ, ಚಾರ್ಟ್ ನೀಟಾಗಿರ್ಲಿ, ಅಕ್ಷ ಸೊನ್ನೆಯಿಂದ ಶುರುವಾಗ್ಲಿ. ಅಕ್ಷ ಕತ್ತರಿಸಿ ವ್ಯತ್ಯಾಸ ದೊಡ್ಡದು ಮಾಡೋದು ಸುಮ್ನೆ ಮೋಸ, ಅದ್ರಲ್ಲಿ ನಗು ಏನಿಲ್ಲ.

ಮಧ್ಯೆ ಒಂದು ಕಡೆ ಗುಟ್ಟು ಬಿಟ್ಟುಕೊಡಲೇಬೇಕು, ಎರಡು ಸಂಖ್ಯೆ ಜೊತೆಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಅಂತ. ಅದಕ್ಕೆ ರಾಬರ್ಟ್ ಮ್ಯಾಥ್ಯೂಸ್ 2000ದಲ್ಲಿ ಪ್ರಕಟಿಸಿದ ಕೊಕ್ಕರೆ ಲೆಕ್ಕ ತುಂಬಾ ಚೆನ್ನಾಗಿ ಕೆಲಸ ಮಾಡತ್ತೆ. ಯುರೋಪಿನ 17 ದೇಶಗಳಲ್ಲಿ ಕೊಕ್ಕರೆ ಜೋಡಿಗಳು ಎಷ್ಟಿವೆ, ವರ್ಷಕ್ಕೆ ಎಷ್ಟು ಮಕ್ಕಳು ಹುಟ್ತಾರೆ ಅಂತ ನೋಡಿದ್ರೆ ಎರಡರ ಸಹಸಂಬಂಧ (ಜೊತೆಜೊತೆಗೆ ಏರಿಳಿಯೋದರ ಅಳತೆ, ಪೂರ್ತಿ ಹೊಂದಿದ್ರೆ 1) 0.62, ಪಿ-ವ್ಯಾಲ್ಯೂ (ಸಂಬಂಧ ಇಲ್ಲದೇ ಇದ್ರೂ ಆಕಸ್ಮಿಕವಾಗಿ ಇಷ್ಟು ಬರೋ ಸಾಧ್ಯತೆ) 0.008. ಅಂದ್ರೆ ಮಕ್ಕಳನ್ನ ಕೊಕ್ಕರೆ ತಂದುಕೊಡತ್ತೆ ಅನ್ನೋ ಅಜ್ಜಿಕಥೆಗೆ ಅಂಕಿಅಂಶದ ಸೀಲು! ದೇಶ ದೊಡ್ಡದಾದ್ರೆ ಕೊಕ್ಕರೆನೂ ಜಾಸ್ತಿ ಮಕ್ಕಳೂ ಜಾಸ್ತಿ, ವಿಷಯ ಇಷ್ಟೇ. ಇದನ್ನ ಹೇಳಿ ಸಭೆ ನಕ್ಕ ತಕ್ಷಣ, ಹಾಗಾದ್ರೆ ನನ್ನ ಕನ್ನಡಕದ ಚಾರ್ಟಲ್ಲಿ ದೊಡ್ಡ ದೇಶದ ಜಾಗದಲ್ಲಿ ಏನಿದೆ ಅಂತ ಕೇಳಿ. ವಯಸ್ಸು, ಓದಿದ ವಿಷಯ ಅಂತ ಉತ್ತರ ಸಭೆಯಿಂದಲೇ ಬರತ್ತೆ.

ಎಂಟನೇ ಹೆಜ್ಜೆ: ಇದನ್ನೇ ನಂಬಿ ಭಾಷಣ ಬರೆಯೋಕೆ ಹೋಗ್ಬೇಡಿ

ಇದೇ ವರ್ನಿಕೆ 2015ರಲ್ಲಿ ಟೆಡ್‌ಎಕ್ಸ್ ಕೇಂಬ್ರಿಜ್‌ನಲ್ಲಿ (ಟೆಡ್ ಅನುಮತಿ ತಗೊಂಡು ಸ್ಥಳೀಯರು ನಡೆಸೋ ಕಾರ್ಯಕ್ರಮ) ಇನ್ನೊಂದು ಭಾಷಣ ಮಾಡಿದ್ರು, ಈ ಸಲ ಸೀರಿಯಸ್ಸಾಗಿ. ಡೇಟಾ ನೋಡಿ ಟಿವಿ ಸೀರೀಸ್ ಆರಿಸಿದ ಎರಡು ಕಂಪನಿಗಳ ಕಥೆ ಅದು. ಒಂದು ಕಂಪನಿ ಡೇಟಾ ಏನು ಹೇಳ್ತೋ ಅದನ್ನೇ ಮಾಡಿ ಸಾಧಾರಣ ಸೀರೀಸ್ ತಂತು, ಇನ್ನೊಂದು ಡೇಟಾದಿಂದ ನೋಡುಗರನ್ನ ಅರ್ಥ ಮಾಡ್ಕೊಂಡು, ಆಮೇಲೆ ಮನುಷ್ಯರ ತೀರ್ಮಾನಕ್ಕೆ ಬಿಟ್ಟು ದೊಡ್ಡ ಹಿಟ್ ಕೊಡ್ತು. ಬಿಡಿಸಿ ನೋಡೋಕೆ ಡೇಟಾ ಒಳ್ಳೇದು, ಬಿಡಿ ಭಾಗಗಳನ್ನ ವಾಪಸ್ ಜೋಡಿಸಿ ತೀರ್ಮಾನ ಮಾಡೋಕೆ ತಜ್ಞರ ತಲೆ ಬೇಕು ಅನ್ನೋದು ಅವರ ವಾದ, ನಾನೂ ಪೂರ್ತಿ ಒಪ್ತೀನಿ. ನಿಮ್ಮ ಹಿಟ್ ಗುಂಪಲ್ಲಿ ನಿಜವಾಗಿ ಉಳಿದ ಅಂಶಗಳು ಒಂದೆರಡು ಇದ್ರೂ ಅವು ಈಗಾಗಲೇ ಟೆಡ್ ಆರಿಸಿ, ತರಬೇತಿ ಕೊಟ್ಟು, ಎಡಿಟ್ ಮಾಡಿ ಹಾಕಿದ ಭಾಷಣಗಳ ಒಳಗಿನ ವ್ಯತ್ಯಾಸ. ವೇದಿಕೆಗೇ ಬರದವರ ಬಗ್ಗೆ ಆ ಫೈಲಲ್ಲಿ ಒಂದು ಸಾಲೂ ಇಲ್ಲ.

ಕೊನೇ ಹೆಜ್ಜೆ: ಪ್ರಶ್ನೋತ್ತರಕ್ಕೆ ತಯಾರಿ

ಆರರಿಂದ ಎಂಟು ನಿಮಿಷ ಸಾಕು, ಅದಕ್ಕಿಂತ ಎಳೆದ್ರೆ ಒಂದೇ ಥರದ ಜೋಕು ಸಪ್ಪೆ ಆಗತ್ತೆ. ಆಮೇಲೆ ಯಾರಾದ್ರೂ ಕೇಳೇ ಕೇಳ್ತಾರೆ, ಇದೆಲ್ಲ ನಿಜಾನಾ ಅಂತ. ಅವಾಗ ಬೇಕಾಗೋದು ಒಂದು ಎಕ್ಸ್‌ಟ್ರಾ ಸ್ಲೈಡು, ಅದ್ರಲ್ಲಿ ಒಟ್ಟು ಎಷ್ಟು ಅಂಶ ಪರೀಕ್ಷೆ ಮಾಡಿದ್ರಿ, ಕಲಸಿ ನೋಡಿದ್ಮೇಲೆ ಎಷ್ಟು ಉಳೀತು, ಯಾವ ಭಾಷಣಗಳನ್ನ ಲೆಕ್ಕದಿಂದ ತೆಗೆದ್ರಿ ಮತ್ತು ಯಾಕೆ, ಡೇಟಾ ಯಾವ ತಿಂಗಳಿನದು, ಅಷ್ಟು ಬರೆದಿರ್ಲಿ. ಫೈಲು ಮತ್ತು ಕೋಡಿನ ಲಿಂಕನ್ನ ಕ್ಯೂಆರ್ ಕೋಡ್ ಮಾಡಿ ಅದರ ಕೆಳಗೇ ಹಾಕಿ. ಅವತ್ತೇ ರಾತ್ರಿ ಯಾರೋ ಒಬ್ಬರು ಅದನ್ನ ಡೌನ್‌ಲೋಡ್ ಮಾಡಿ, ಕನ್ನಡಕದ ಬದಲು ಮೀಸೆ ಲೆಕ್ಕ ಹಾಕಿ ನಿಮಗೆ ಕಳಿಸ್ತಾರೆ. ಅವರಿಗೂ ಮೊದಲು ಕೇಳಿ, ಕಲಸಿ ನೋಡಿದ್ರಾ ಅಂತ.